ಪುಟ್ಟಿಯ ಹಳದಿ: ಲಿವರ್ ಕಾಯಿಲೆ ಇದ್ದ ಒಂದು ಮಗುವಿನ ಪ್ರಕರಣ

ನಾನು ಒಂದು ತಾಲೂಕು ಊರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕಾಮಾಲೆಯ ರಕ್ತ ದಿನಾ ನನ್ನ ಕೈ ದಾಟಿ ಹೋಗುತ್ತದೆ. ಆದರೆ ನನ್ನ ತಂಗಿಯ ಮಗುವಿಗೆ ಏನೋ ಆಗಿದೆ ಅಂತ ನನಗೆ ಹೊಳೆದದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ನಮ್ಮಮ್ಮ ಆಡಿದ ಒಂದು ಮಾತಿನಿಂದ.

2022ರ ಗೌರಿ ಹಬ್ಬದ ದಿನ. ತಂಗಿ ಬಾಣಂತನಕ್ಕೆ ಅರಸೀಕೆರೆ ಕಡೆಯ ನಮ್ಮ ತವರಿಗೆ ಬಂದಿದ್ದಳು. ನಾನೂ ಹಬ್ಬಕ್ಕೆ ಹೋಗಿದ್ದೆ. ಮಗುವಿಗೆ ಅವತ್ತಿಗೆ 46 ದಿನ. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತ ಕರೆಯುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. ಅಮ್ಮ ಹಳೇ ಸೀರೆ ಹರಿದು ಮಾಡಿದ ಬಟ್ಟೆಗಳನ್ನು ಒಗೆಯುತ್ತಾ ಹೇಳಿದರು: "ಈ ಮಗೂದು ಎಲ್ಲಾ ಉಲ್ಟಾ ಕಣೆ. ಕಕ್ಕದ ಕಲೆ ನೀರು ಬಿಟ್ಟರೆ ಹೋಗುತ್ತೆ. ಉಚ್ಚೆ ಕಲೆ ಎಷ್ಟು ಉಜ್ಜಿದರೂ ಹೋಗಲ್ಲ."

ಮಕ್ಕಳ ಬಟ್ಟೆ ಒಗೆದವರಿಗೆ ಇದರ ಅರ್ಥ ಗೊತ್ತು. ಎದೆಹಾಲು ಕುಡಿಯುವ ಮಗುವಿನ ಮಲ ಅರಿಶಿನದ ಹಾಗೆ ಕಲೆ ಬಿಡುತ್ತದೆ, ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ. ಮೂತ್ರ ನೀರಿನ ಹಾಗೆ, ಒಣಗಿದರೆ ಗುರುತೇ ಇರುವುದಿಲ್ಲ. ನಾನು ಬಕೆಟ್‌ನಿಂದ ಒಂದು ಬಟ್ಟೆ ಎತ್ತಿ ನೋಡಿದೆ. ಮಲ ಇಡ್ಲಿ ಹಿಟ್ಟಿನ ಬಣ್ಣಕ್ಕಿತ್ತು. ಅದರ ಸುತ್ತ ಮೂತ್ರ ಒಣಗಿದ ಜಾಗ ಮಾತ್ರ ಚಹಾ ಚೆಲ್ಲಿದ ಹಾಗೆ ಕಂದು ಹಳದಿ.

ಒಳಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ. ಬಾಣಂತಿ ಕೋಣೆ ಕತ್ತಲು. ಅಲ್ಲಿ ಮಗು ಸುಮ್ನೆ ಎಣ್ಣೆಗೆಂಪು ಅನ್ನಿಸುತ್ತಿತ್ತು. ಬೆಳಕಿನಲ್ಲಿ ಕಣ್ಣಿನ ಬಿಳಿ ಭಾಗ ಹಳದಿಯಾಗಿ ಕಂಡಿತು. ಹೊಟ್ಟೆ ಮುಟ್ಟಿದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಲಿವರ್‌ನ ಅಂಚು ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ನಾನು ಡಾಕ್ಟರ್ ಅಲ್ಲ, ಆದರೆ ಅಷ್ಟು ಗಟ್ಟಿ ಇರಬಾರದು ಅನ್ನುವುದು ಗೊತ್ತಿತ್ತು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮಗುವಿಗೆ ನಾಲ್ಕು ವಾರ ಆದಾಗ ತಂಗಿ ಫೋನ್ ಮಾಡಿದ್ದಳು. "ಇನ್ನೂ ಕಣ್ಣು ಸ್ವಲ್ಪ ಹಳದಿ ಇದೆ ಅಕ್ಕ" ಅಂದಿದ್ದಳು. ಮೂರನೇ ವಾರ ತೋರಿಸಿದ ಕ್ಲಿನಿಕ್‌ನಲ್ಲಿ ಎದೆಹಾಲಿನ ಕಾಮಾಲೆ, ಬೆಳಗಿನ ಎಳೆಬಿಸಿಲಿಗೆ ಹಿಡಿಯಿರಿ ಅಂತ ಹೇಳಿ ಕಳಿಸಿದ್ದರು. ರಕ್ತ ತೆಗೆದಿರಲಿಲ್ಲ. ನಾನೂ "ಹಾಗೇ ಇರಬಹುದು, ಮಗು ಹಾಲು ಕುಡೀತಿದೆ ಅಲ್ವಾ, ತೂಕ ಬರ್ತಿದೆ ಅಲ್ವಾ" ಅಂದಿದ್ದೆ. ಮಲದ ಬಣ್ಣ ಕೇಳಲಿಲ್ಲ. ಕೇಳಿದ್ದರೆ 18 ದಿನ ಉಳಿಯುತ್ತಿತ್ತು.

ಪುಟ್ಟಿಗೆ ಹುಟ್ಟಿದ ಮೂರನೇ ದಿನವೂ ಹಳದಿ ಇತ್ತು. ಅದಕ್ಕೆ ಯಾರೂ ಹೆದರಿರಲಿಲ್ಲ, ಹೆದರಬೇಕಾಗಿಯೂ ಇಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಆ ಸಮಯದಲ್ಲಿ ಹಳದಿ ಬರುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹುಟ್ಟುತ್ತದೆ. ಹೊಸ ಮಗುವಿನ ಲಿವರ್ ಅದನ್ನು ಸಂಸ್ಕರಿಸಲು ಇನ್ನೂ ಕಲಿಯುತ್ತಿರುತ್ತದೆ. ತುಂಬಿದ ತಿಂಗಳಿಗೆ ಹುಟ್ಟಿದ ಮಗುವಿಗೆ ಎರಡು ವಾರದೊಳಗೆ, ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಮೂರು ವಾರದೊಳಗೆ ಅದು ಇಳಿಯುತ್ತದೆ. ಆಗ ಆಸ್ಪತ್ರೆಯಲ್ಲಿ ಹಣೆಗೆ ಒತ್ತುವ ಮೀಟರ್‌ನಿಂದ ನೋಡಿ, ಲೈಟ್ ಕೊಡುವಷ್ಟು ಇಲ್ಲ ಅಂತ ಮನೆಗೆ ಕಳಿಸಿದ್ದರು. ಆ ಮೀಟರ್ ಒಟ್ಟು ಹಳದಿಯನ್ನು ಮಾತ್ರ ಅಳೆಯುತ್ತದೆ. ಯಾವ ಹಳದಿ ಅಂತ ಹೇಳುವುದಿಲ್ಲ.

ಹಳದಿಯಲ್ಲಿ ಎರಡು ಜಾತಿ. ಈ ಪ್ರಕರಣ ಅರ್ಥವಾಗಬೇಕಾದರೆ ಇದೊಂದು ಗೊತ್ತಿರಲೇಬೇಕು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರಕ್ತಕಣ ಒಡೆದು ಹೊಸದಾಗಿ ಹುಟ್ಟಿದ ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ. ರಕ್ತದಲ್ಲಿ ಪ್ರೋಟೀನ್ ಮೇಲೆ ಕೂತು ಲಿವರ್‌ಗೆ ಬರುತ್ತದೆ. ಇದಕ್ಕೆ ನಾವು ಇಂಡೈರೆಕ್ಟ್ ಅನ್ನುತ್ತೇವೆ. ಲಿವರ್ ಅದಕ್ಕೆ ಸಕ್ಕರೆ ಜಾತಿಯ ಒಂದು ಆಮ್ಲ ಅಂಟಿಸಿ ನೀರಿನಲ್ಲಿ ಕರಗುವ ಹಾಗೆ ಮಾಡುತ್ತದೆ. ಅದು ಡೈರೆಕ್ಟ್. ಹೆಸರು ಬಂದದ್ದು ಲ್ಯಾಬ್‌ನಿಂದಲೇ. ಡಯಜೋ ಅನ್ನುವ ರಾಸಾಯನಿಕ ಹಾಕಿದ ತಕ್ಷಣ ನೇರವಾಗಿ ಗುಲಾಬಿ ಬಣ್ಣ ಕೊಡುವುದು ಡೈರೆಕ್ಟ್. ಇನ್ನೊಂದಕ್ಕೆ ಆಲ್ಕೋಹಾಲ್‌ನಂಥದ್ದು ಸೇರಿಸಿದರೆ ಮಾತ್ರ ಬಣ್ಣ ಏಳುತ್ತದೆ.

ಡೈರೆಕ್ಟ್ ಆದ ಬಿಲಿರುಬಿನ್ ಪಿತ್ತರಸದ ಜೊತೆ ಪಿತ್ತನಾಳದಲ್ಲಿ ಇಳಿದು ಕರುಳಿಗೆ ಹೋಗುತ್ತದೆ. ಮಲಕ್ಕೆ ಹಳದಿ, ಹಸಿರು, ಕಂದು ಬಣ್ಣ ಬರುವುದು ಇದರಿಂದಲೇ. ನಾಳ ಮುಚ್ಚಿಹೋದರೆ ಅದು ಕರುಳಿಗೆ ಇಳಿಯುವುದಿಲ್ಲ, ಮಲ ಬಿಳಿಚಿಕೊಳ್ಳುತ್ತದೆ. ಇಳಿಯದೆ ನಿಂತ ಬಿಲಿರುಬಿನ್ ಹಿಂದಕ್ಕೆ ರಕ್ತಕ್ಕೆ ಉಕ್ಕುತ್ತದೆ. ನೀರಿನಲ್ಲಿ ಕರಗುವ ಕಾರಣ ಕಿಡ್ನಿ ದಾಟಿ ಮೂತ್ರಕ್ಕೆ ಬರುತ್ತದೆ. ಬಟ್ಟೆಯ ಮೇಲಿದ್ದ ಆ ಉಲ್ಟಾ ಕಲೆ ಅಂದರೆ ಇದೇ. ಎದೆಹಾಲಿನ ಕಾಮಾಲೆಯಲ್ಲಿ ಏರುವುದು ಇಂಡೈರೆಕ್ಟ್. ಅದು ಮೂತ್ರಕ್ಕೆ ಬರುವುದೇ ಇಲ್ಲ. ಅಲ್ಲಿ ಮಲ ಅರಿಶಿನವಾಗಿಯೇ ಇರುತ್ತದೆ, ಬಟ್ಟೆಯಲ್ಲಿ ಮೂತ್ರದ ಕಲೆ ನಿಲ್ಲುವುದಿಲ್ಲ.

ಮರುದಿನ ಗಣೇಶ ಚತುರ್ಥಿ, ರಜೆ. ತುರ್ತು ಲ್ಯಾಬ್ ತೆರೆದಿತ್ತು. ಪುಟ್ಟಿಯ ಕೈಯಿಂದ ನಾನೇ ರಕ್ತ ತೆಗೆದೆ. ಬಿಲಿರುಬಿನ್ ಬೆಳಕಿಗೆ ಒಡೆಯುತ್ತದೆ, ಅದಕ್ಕೆ ಟ್ಯೂಬ್‌ಗೆ ಕಪ್ಪು ಕಾಗದ ಸುತ್ತಿದೆ. ಸೂಜಿ ತೆಗೆದ ಜಾಗಕ್ಕೆ ಹತ್ತಿ ಇಟ್ಟು ತಂಗಿಗೆ ಒತ್ತಿ ಹಿಡಿಯಲು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹತ್ತಿ ಪೂರ್ತಿ ನೆನೆದಿತ್ತು. ಇನ್ನೊಂದು ಹತ್ತಿ ಇಟ್ಟೆವು, ಅದೂ ನೆನೆಯಿತು. ಹತ್ತು ನಿಮಿಷ ಒತ್ತಿದ ಮೇಲೆ ರಕ್ತ ನಿಂತಿತು. ಆಗ ನನ್ನ ಕೈ ತಣ್ಣಗಾಯಿತು. ಪಿತ್ತರಸ ಕರುಳಿಗೆ ಬರದಿದ್ದರೆ ಕೊಬ್ಬು ಜೀರ್ಣವಾಗುವುದಿಲ್ಲ, ಕೊಬ್ಬಿನ ಜೊತೆ ಒಳಗೆ ಹೋಗಬೇಕಾದ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುವುದಿಲ್ಲ. ಕೆ ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಇಂಥ ಮಕ್ಕಳಿಗೆ ತಲೆಯೊಳಗೆ ರಕ್ತಸ್ರಾವ ಆಗಿ, ಆಮೇಲೆ ಕಾಮಾಲೆ ಗೊತ್ತಾದದ್ದೂ ಇದೆ.

ಮೆಷಿನ್‌ನಲ್ಲಿ ತಿರುಗಿಸಿ ತೆಗೆದ ಸೀರಮ್ ಹಸಿರು ಬೆರೆತ ಹಳದಿ ಇತ್ತು. ಒಟ್ಟು ಬಿಲಿರುಬಿನ್ 9.8. ಡೈರೆಕ್ಟ್ 7.1. ಡೈರೆಕ್ಟ್ ಒಂದನ್ನು ದಾಟಿದರೆ ಮಕ್ಕಳಲ್ಲಿ ಅದು ಕಾಯಿಲೆ ಅಂತಲೇ ಲೆಕ್ಕ. ನಾನು ಎರಡನೇ ಸಲ ಓಡಿಸಿದೆ. ಮತ್ತೆ 7.1. ಜಿಜಿಟಿ ಅನ್ನುವ ಪಿತ್ತನಾಳದ ಕಿಣ್ವ 700ರ ಮೇಲಿತ್ತು. ಹೆಪ್ಪುಗಟ್ಟುವ ಪರೀಕ್ಷೆ ಐಎನ್‌ಆರ್ 1.9, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು. ಡ್ಯೂಟಿ ಡಾಕ್ಟರ್ ಅಂಕಿ ನೋಡಿ ಮೊದಲು ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು, ಆಮೇಲೆ ಕೂತು ಬೆಂಗಳೂರಿಗೆ ಪತ್ರ ಬರೆದರು. ಮರುದಿನ ಐಎನ್‌ಆರ್ 1.1ಕ್ಕೆ ಇಳಿಯಿತು. ಅಂದರೆ ಲಿವರ್ ಇನ್ನೂ ಕೆಲಸ ಮಾಡುತ್ತಿತ್ತು, ಅದಕ್ಕೆ ಬೇಕಾದ ಸಾಮಾನು ಮಾತ್ರ ಸಿಗುತ್ತಿರಲಿಲ್ಲ. ಆ ಇಳಿತ ನಮಗೆ ಸಿಕ್ಕ ಮೊದಲ ಸಮಾಧಾನ.

ಹೊರಡುವ ಮುಂಚೆ ಮನೆಯಲ್ಲಿ ಮಾತು ನಡೆಯಿತು. ಎಲ್ಲ ಮನೆಯಲ್ಲೂ ನಡೆಯುವ ಮಾತೇ. ಪಕ್ಕದ ಮನೆಯ ಅಜ್ಜಿ "ಇದು ಬಿಳಿ ಕಾಮಾಲೆ, ಅರಿಶಿನ ಕಾಮಾಲೆಗಿಂತ ಕೆಟ್ಟದ್ದು" ಅಂದರು. ನೆಲನೆಲ್ಲಿ ರಸ ಕೊಡಿ ಅಂದವರಿದ್ದರು. ಒಬ್ಬರು ಬರೆ ಹಾಕುವವರ ಊರಿನ ಹೆಸರನ್ನೂ ಹೇಳಿದರು. ಇವರೆಲ್ಲ ಪ್ರೀತಿಯಿಂದಲೇ ಹೇಳುವುದು, ನನಗೆ ಅವರ ಮೇಲೆ ಸಿಟ್ಟಿಲ್ಲ. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಆ ಹೊತ್ತಿನಲ್ಲಿ ಯಾವ ಸೊಪ್ಪು ತಿಂದಿದ್ದರೂ, ಕೊರಳಿಗೆ ಯಾವ ಸರ ಹಾಕಿದ್ದರೂ ಗುಣವಾದದ್ದು ಅದರಿಂದಲೇ ಅನ್ನಿಸುತ್ತದೆ. ಹಾಗೆ ಬಂದ ನಂಬಿಕೆ ಇದು. ಆದರೆ ಮುಚ್ಚಿದ ನಾಳ ಯಾವ ರಸಕ್ಕೂ ತೆರೆಯುವುದಿಲ್ಲ. ಇನ್ನು ರಕ್ತ ನಿಲ್ಲದ ಎಳೆಗೂಸಿಗೆ ಬರೆ ಹಾಕುವುದು ಅಂದರೆ ನೆನೆಸಿಕೊಂಡರೇ ಮೈ ಝುಮ್ಮೆನ್ನುತ್ತದೆ. ಅಮ್ಮ ಒಂದೇ ಮಾತು ಹೇಳಿದರು, "ಇವಳು ಟ್ಯೂಬ್ ನೋಡಿದಾಳೆ, ಇವಳು ಹೇಳಿದ ಕಡೆಗೆ ಹೋಗೋಣ." ಅಲ್ಲಿಗೆ ಮಾತು ಮುಗಿಯಿತು.

ಬೆಂಗಳೂರಿನಲ್ಲಿ ಆ ವಾರ ಜೋರು ಮಳೆ, ಎಷ್ಟೋ ರಸ್ತೆಗಳಲ್ಲಿ ನೀರು ನಿಂತಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಮಕ್ಕಳ ಲಿವರ್ ಡಾಕ್ಟರ್ ಬಂದವರೇ ಮೊದಲು ಕೇಳಿದ್ದು ಮಲ ಹಾಕಿದ ಬಟ್ಟೆ ಇದೆಯಾ ಅಂತ. ತಂಗಿ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದಳು. ಅವರು ಕಿಟಕಿ ಹತ್ತಿರ ಹಿಡಿದು ನೋಡಿದರು.

ಈ ವಯಸ್ಸಿನಲ್ಲಿ ಡೈರೆಕ್ಟ್ ಕಾಮಾಲೆಗೆ ಕಾರಣ ಹತ್ತಾರು. ಮೂತ್ರದ ಸೋಂಕು ಇರಬಹುದು. ಥೈರಾಯ್ಡ್ ಕಮ್ಮಿ ಇರಬಹುದು. ಹಾಲಿನ ಸಕ್ಕರೆ ಒಗ್ಗದ ಗ್ಯಾಲಕ್ಟೋಸೀಮಿಯಾ ಇರಬಹುದು, ಅದಾದರೆ ಎದೆಹಾಲನ್ನೇ ನಿಲ್ಲಿಸಬೇಕು. ಇವನ್ನೆಲ್ಲ ರಕ್ತ ಮೂತ್ರದಲ್ಲಿ ಎರಡು ದಿನದೊಳಗೆ ನೋಡಿ ಬದಿಗಿಟ್ಟರು. ನಾಲ್ಕು ಗಂಟೆ ಹಾಲು ಕೊಡದೆ ಸ್ಕ್ಯಾನ್ ಮಾಡಿದರು. ಹಸಿದ ಹೊಟ್ಟೆಯಲ್ಲಿ ಪಿತ್ತಕೋಶ ಉಬ್ಬಿರಬೇಕು. ಪುಟ್ಟಿಯದು ಒಣದ್ರಾಕ್ಷಿಯ ಹಾಗೆ ಮುದುಡಿತ್ತು. ಲಿವರ್‌ನಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದಾಗ ಸಣ್ಣ ಪಿತ್ತನಾಳಗಳು ಗುಂಪುಗುಂಪಾಗಿ ಹುಟ್ಟಿಕೊಂಡಿದ್ದವು, ಅವುಗಳೊಳಗೆ ಪಿತ್ತ ಕಟ್ಟಿ ನಿಂತಿತ್ತು. ದಾರಿ ಸಿಗದೆ ಲಿವರ್ ಮತ್ತೆ ಮತ್ತೆ ಹೊಸ ನಾಳ ಹುಟ್ಟಿಸುತ್ತಾ ಇತ್ತು. ಸುತ್ತ ನಾರು ಬೆಳೆಯಲು ಶುರುವಾಗಿತ್ತು.

ಕಾಯಿಲೆಯ ಹೆಸರು ಬಿಲಿಯರಿ ಅಟ್ರೀಸಿಯಾ. ಲಿವರ್‌ನ ಹೊರಗಿನ ಪಿತ್ತನಾಳ ಉರಿಯೂತವಾಗಿ ನಾರಿನ ಎಳೆಯಾಗಿ ಮುಚ್ಚಿಹೋಗುವ ಕಾಯಿಲೆ. ಯಾಕೆ ಬರುತ್ತದೆ ಅನ್ನುವುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ಗೊತ್ತಿಲ್ಲ. ತಂಗಿ ಮೂರು ದಿನ ಒಂದೇ ಪ್ರಶ್ನೆ ಕೇಳಿದಳು, ಬಸುರಿಯಲ್ಲಿ ನಾನು ಏನು ತಿಂದೆ, ಏನು ಬಿಟ್ಟೆ ಅಂತ. ಆ ಡಾಕ್ಟರ್ ಮೂರು ದಿನವೂ ಬೇಸರ ಮಾಡಿಕೊಳ್ಳದೆ ಒಂದೇ ಉತ್ತರ ಕೊಟ್ಟರು: "ನೀವು ಮಾಡಿದ್ದರಿಂದ ಬಂದದ್ದಲ್ಲ, ಮಾಡದೆ ಇದ್ದದ್ದರಿಂದಲೂ ಬಂದದ್ದಲ್ಲ." ಅವರಿಗೆ ನಾನು ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಇನ್ನೊಂದು ವಿಷಯ ನಾನು ಆಮೇಲೆ ಓದಿ ತಿಳಿದುಕೊಂಡೆ, ಓದಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಕಾಯಿಲೆಯ ಮಕ್ಕಳಲ್ಲಿ ಹುಟ್ಟಿದ ಒಂದೆರಡು ದಿನದಲ್ಲೇ ಡೈರೆಕ್ಟ್ ಸ್ವಲ್ಪ ಏರಿರುತ್ತದೆ. ಮಲ ಆಗ ಇನ್ನೂ ಬಣ್ಣದಲ್ಲೇ ಇರಬಹುದು, ಆಮೇಲೆ ನಿಧಾನವಾಗಿ ಬಿಳಿಚುತ್ತದೆ. ಅಂದರೆ ಮೂರನೇ ದಿನದ ಆ ಹಳದಿಯೊಳಗೇ ಇದು ಅಡಗಿ ಕೂತಿತ್ತು.

55ನೇ ದಿನ ಆಪರೇಷನ್ ಆಯಿತು. ಮೊದಲು ಪಿತ್ತಕೋಶದೊಳಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದು ನಾಳ ಮುಚ್ಚಿರುವುದನ್ನು ಖಚಿತ ಮಾಡಿಕೊಂಡರು. ಆಮೇಲೆ ಆ ನಾರಿನ ನಾಳ ಕತ್ತರಿಸಿ ತೆಗೆದು, ಲಿವರ್‌ನ ಬಾಗಿಲಿಗೆ ಸಣ್ಣ ಕರುಳಿನ ಒಂದು ತುಂಡನ್ನು ನೇರವಾಗಿ ಹೊಲಿದರು. ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳಿಂದ ಪಿತ್ತ ಒಸರಿ ಕರುಳಿಗೆ ಇಳಿಯಲಿ ಅಂತ. ಇದು ಕಸಾಯ್ ಆಪರೇಷನ್. ಜಪಾನಿನ ಸೆಂಡಾಯ್ ನಗರದಲ್ಲಿ ಮೊರಿಯೋ ಕಸಾಯ್ ಅನ್ನುವ ಸರ್ಜನ್ 1955ರಲ್ಲಿ ಮೊದಲು ಮಾಡಿದ್ದು. ಅದಕ್ಕೆ ಮುಂಚೆ ಇಂಥ ಹೆಚ್ಚಿನ ಮಕ್ಕಳಿಗೆ ಮಾಡುವುದಕ್ಕೆ ಏನೂ ಇರಲಿಲ್ಲ. 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಜಾಸ್ತಿ. ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ತೈವಾನ್‌ನಲ್ಲಿ 2004ರಿಂದ ಪ್ರತಿ ಮಗುವಿನ ಆರೋಗ್ಯ ಪುಸ್ತಕದಲ್ಲೂ ಮಲದ ಬಣ್ಣದ ಕಾರ್ಡ್ ಇದೆ. ತಾಯಿ ಮನೆಯಲ್ಲೇ ಬಟ್ಟೆ ಪಕ್ಕದಲ್ಲಿ ಕಾರ್ಡ್ ಹಿಡಿದು ನೋಡುತ್ತಾಳೆ. ಒಂದು ರಟ್ಟಿನ ತುಂಡು, ಅಷ್ಟೇ. ನಮ್ಮ ತಾಯಿ ಕಾರ್ಡ್‌ನಲ್ಲೂ ಅದು ಇರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಆಪರೇಷನ್ ಆದ ಐದನೇ ದಿನ ತಂಗಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಹಸಿರು ಮಲದ ಡೈಪರ್. ಕೆಳಗೆ ಒಂದಕ್ಷರವೂ ಬರೆದಿರಲಿಲ್ಲ. ಲ್ಯಾಬ್‌ನಲ್ಲಿ ಕೂತಿದ್ದವಳು ಎದ್ದು ಹೊರಗೆ ಹೋಗಿ ಅತ್ತುಬಿಟ್ಟೆ.

ಹಸಿರು ಮಲ ಬಂತು ಅಂದರೆ ಕಣ್ಣಿನ ಹಳದಿ ಮರುದಿನವೇ ಹೋಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಹೋಗಲಿಲ್ಲ. ಒಂದು ವಾರವಾದರೂ ಕಣ್ಣು ಹಾಗೇ ಇತ್ತು. ಆಪರೇಷನ್ ಸುಳ್ಳಾಯಿತು ಅಂತ ಪುಟ್ಟಿಯ ಅಪ್ಪ, ನಮ್ಮ ಭಾವ, ಕೈಚೆಲ್ಲಿ ಕೂತಿದ್ದರು. ಡೈರೆಕ್ಟ್ ಬಿಲಿರುಬಿನ್‌ನ ಒಂದು ಭಾಗ ರಕ್ತದ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಆ ಪ್ರೋಟೀನ್ ಹಳೆಯದಾಗಿ ಹೋಗುವ ತನಕ ಅದೂ ಇರುತ್ತದೆ. ಹಾಗಾಗಿ ದಾರಿ ತೆರೆದ ಮೇಲೂ ಹಳದಿ ವಾರಗಟ್ಟಲೆ ಉಳಿಯಬಹುದು. ಇಲ್ಲಿ ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಯಾವ ಕಡೆಗೆ ಹೋಗುತ್ತಿದೆ ಅನ್ನುವುದನ್ನೇ ನೋಡಬೇಕು. ಪುಟ್ಟಿಯ ಒಟ್ಟು ಬಿಲಿರುಬಿನ್ ಇಳಿದದ್ದು ಹೀಗೆ: 7.4, 6.0, 4.1, 2.7. ಮೂರನೇ ತಿಂಗಳ ಕೊನೆಗೆ 1.6. ಮೂರು ತಿಂಗಳಲ್ಲಿ ಎರಡಕ್ಕಿಂತ ಕೆಳಗೆ ಬಂದರೆ ಆಪರೇಷನ್ ಹಿಡಿದಿದೆ ಅಂತ ಡಾಕ್ಟರ್‌ಗಳು ಹೇಳುತ್ತಾರೆ. ನಮ್ಮದು ಹಿಡಿದಿತ್ತು.

ಊಟದ ವಿಷಯದಲ್ಲಿ ಒಂದು ಜಗಳವೇ ಆಯಿತು. ಕಾಮಾಲೆ ಅಂದರೆ ಎಣ್ಣೆ ತುಪ್ಪ ಬಿಡಬೇಕು, ಬರೀ ಗಂಜಿ ಕೊಡಬೇಕು ಅನ್ನುವುದು ನಮ್ಮ ಕಡೆಯ ಪಥ್ಯ. ಈ ಮಗುವಿಗೆ ಅದು ಪೂರ್ತಿ ತಪ್ಪು. ಪಿತ್ತ ಕಡಿಮೆ ಇರುವುದರಿಂದ ಮಾಮೂಲಿ ಕೊಬ್ಬು ದಕ್ಕುವುದಿಲ್ಲ ಅನ್ನುವುದು ನಿಜ. ಆದರೆ ಕಾಯಿಲೆಯ ಲಿವರ್ ಇರುವ ಮಗುವಿಗೆ ಬೇರೆ ಮಕ್ಕಳಿಗಿಂತ ಜಾಸ್ತಿ ಶಕ್ತಿ ಬೇಕು. ಪಿತ್ತದ ಸಹಾಯ ಅಷ್ಟಾಗಿ ಇಲ್ಲದೆಯೂ ಒಳಗೆ ಹೋಗುವ ಒಂದು ಜಾತಿಯ ಕೊಬ್ಬಿದೆ, ಎಂಸಿಟಿ ಅನ್ನುತ್ತಾರೆ. ಆ ಎಣ್ಣೆ ಬರೆದುಕೊಟ್ಟರು. ಕೊಬ್ಬರಿ ಎಣ್ಣೆಯಲ್ಲೂ ಇದು ಚೆನ್ನಾಗಿಯೇ ಇದೆ. ಆರು ತಿಂಗಳಾದ ಮೇಲೆ ಅಮ್ಮ ರಾಗಿ ಸರಿಗೆ ಕೊಬ್ಬರಿ ಎಣ್ಣೆ ಹಾಕಿ ತಿನ್ನಿಸಿದರು. ಮೊದಲ ಸಲ ಹಾಕುವಾಗ ಚಮಚ ಹಿಡಿದ ಅವರ ಕೈ ನಡುಗುತ್ತಿತ್ತು, ಮಗುವಿಗೆ ವಿಷ ಕೊಡುತ್ತಿದ್ದೇನೇನೋ ಅನ್ನುವ ಹಾಗೆ.

ಎಂಟನೇ ತಿಂಗಳು, 2023ರ ಮಾರ್ಚ್. ಒಂದು ಸಂಜೆ ಪುಟ್ಟಿಗೆ ಜ್ವರ ಬಂತು, 102. ಮರುದಿನ ಬೆಳಗ್ಗೆ ಕಣ್ಣು ಮತ್ತೆ ಹಳದಿ, ಮಲ ಮತ್ತೆ ಮಾಸಲು. ಪಕ್ಕದ ಊರಿನಲ್ಲಿ ತೋರಿಸಿದರೆ ವೈರಲ್ ಇರಬಹುದು, ಸಿರಪ್ ಕೊಡಿ ಅಂದರು. ಬೇರೆ ಮಗುವಾಗಿದ್ದರೆ ಅದು ಸರಿಯಾದ ಮಾತೇ. ಕಸಾಯ್ ಆದ ಮಗುವಿಗೆ ಜ್ವರ ಬಂದರೆ, ಬೇರೆ ಕಾರಣ ಕಣ್ಣಿಗೆ ಹೊಡೆದ ಹಾಗೆ ಕಾಣದಿದ್ದರೆ, ಅದನ್ನು ಪಿತ್ತನಾಳದ ಸೋಂಕು ಅಂತಲೇ ಮೊದಲು ಯೋಚಿಸಬೇಕು. ಕರುಳನ್ನು ನೇರ ಲಿವರ್‌ಗೆ ಹೊಲಿದಿರುವುದರಿಂದ ಕರುಳಿನ ಬ್ಯಾಕ್ಟೀರಿಯಾಗೆ ಮೇಲೆ ಹತ್ತಲು ಹಾದಿ ಇರುತ್ತದೆ. ಇದಕ್ಕೆ ಕೊಲಾಂಜೈಟಿಸ್ ಅನ್ನುತ್ತಾರೆ. ಈ ಹಳದಿ ಎರಡೇ ದಿನದಲ್ಲಿ ಏರುತ್ತದೆ, ಚಿಕಿತ್ಸೆ ಕೊಟ್ಟರೆ ಇಳಿಯುತ್ತದೆ. ತಂಗಿ ಬೆಂಗಳೂರಿಗೆ ಫೋನ್ ಮಾಡಿದಳು, ಅದೇ ರಾತ್ರಿ ಹೊರಟರು. ಬಿಲಿರುಬಿನ್ 1.1ರಿಂದ 4.8ಕ್ಕೆ ಹೋಗಿತ್ತು. ರಕ್ತನಾಳದ ಮೂಲಕ 14 ದಿನ ಆ್ಯಂಟಿಬಯೋಟಿಕ್ ಆಯಿತು. ಮಲಕ್ಕೆ ಬಣ್ಣ ಬಂತು, ಕಣ್ಣು ತಿಳಿಯಾಯಿತು.

ಜೂನ್‌ನಲ್ಲಿ ಮತ್ತೆ ಬಂತು. ಆ ಸಲ ಇಳಿದದ್ದು 2.9ರ ತನಕ ಮಾತ್ರ.

ಆಮೇಲೆ ಶುರುವಾದ ಹಳದಿಯಲ್ಲಿ ಜ್ವರ ಇರಲಿಲ್ಲ. ದಿನದಿಂದ ದಿನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ತಿಂಗಳ ಹಿಂದಿನ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತಿತ್ತು. ಲಿವರ್ ನಾರುಗಟ್ಟಿ ಸಿರೋಸಿಸ್‌ಗೆ ತಿರುಗಿತ್ತು. ಗಟ್ಟಿಯಾದ ಲಿವರ್‌ನಲ್ಲಿ ರಕ್ತ ಸಲೀಸಾಗಿ ಹರಿಯದೆ ಗುಲ್ಮ (ಸ್ಪ್ಲೀನ್) ದೊಡ್ಡದಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಕೈಕಾಲು ಮಾತ್ರ ಸಣ್ಣ ಸಣ್ಣ. ದೂರದಿಂದ ನೋಡಿದವರು "ಹೊಟ್ಟೆ ತುಂಬಾ ತಿಂದು ಗುಂಡಗಾಗಿದೆ" ಅನ್ನುತ್ತಿದ್ದರು. ತಂಗಿ ನಕ್ಕು ಒಳಗೆ ಹೋಗುತ್ತಿದ್ದಳು.

ಆ ಕಾಲದಲ್ಲಿ ಬಣ್ಣಕ್ಕಿಂತ ಜಾಸ್ತಿ ಕಾಡಿದ್ದು ತುರಿಕೆ. ಪಿತ್ತದಿಂದ ಆಗುವ ತುರಿಕೆಗೆ ಚರ್ಮದ ಮೇಲೆ ಗುಳ್ಳೆ ಇರುವುದಿಲ್ಲ, ಕೆರೆದ ಗಾಯ ಮಾತ್ರ ಇರುತ್ತದೆ. ರಾತ್ರಿ ಜಾಸ್ತಿ. ಪುಟ್ಟಿ ನಿದ್ದೆಯಲ್ಲೇ ಕಿವಿ ಮತ್ತು ಪಾದ ಕೆರೆದು ರಕ್ತ ಬರಿಸಿಕೊಳ್ಳುತ್ತಿದ್ದಳು. ಭಾವ ಹಳೇ ಕಾಲುಚೀಲವನ್ನು ಅವಳ ಕೈಗೆ ಹಾಕಿ ದಾರ ಕಟ್ಟುತ್ತಿದ್ದರು. ಆಮೇಲೆ ತಾವೇ ಪಕ್ಕದಲ್ಲಿ ಮಲಗಿ ಅಂಗೈಯಿಂದ ಅವಳ ಬೆನ್ನು ಸವರುತ್ತಿದ್ದರು. ಕೆರೆಯುತ್ತಿರಲಿಲ್ಲ, ಸವರುತ್ತಿದ್ದರು, ಗಂಟೆಗಟ್ಟಲೆ. ತುರಿಕೆ ಕಡಿಮೆ ಮಾಡುವ ಔಷಧಿಗಳಿವೆ, ಕೊಟ್ಟರು, ಅರ್ಧ ಕಡಿಮೆ ಆಯಿತು. ಕಾಮಾಲೆಯ ಮಗುವನ್ನು ನೋಡಲು ಬಂದವರು ಬಣ್ಣ ಎಷ್ಟಿದೆ ಅಂತ ಕೇಳುತ್ತಾರೆ. ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿತು ಅಂತಲೂ ಕೇಳಬೇಕು.

ಡಿಸೆಂಬರ್‌ನಲ್ಲಿ ಬಿಲಿರುಬಿನ್ 14. ವಿಟಮಿನ್ ಕೆ ಕೊಟ್ಟರೂ ಐಎನ್‌ಆರ್ 1.8ರಿಂದ ಇಳಿಯಲಿಲ್ಲ. 47 ದಿನದ ಮಗುವಾಗಿದ್ದಾಗ 1.9 ಇದ್ದದ್ದು ಒಂದು ಇಂಜೆಕ್ಷನ್‌ಗೆ ಇಳಿದಿತ್ತು. ಈಗ ಸಾಮಾನು ಕೊಟ್ಟರೂ ಲಿವರ್‌ಗೆ ಕೆಲಸ ಮಾಡುವ ಶಕ್ತಿ ಇರಲಿಲ್ಲ. ಎರಡು ಅಂಕಿ ಹೆಚ್ಚುಕಮ್ಮಿ ಒಂದೇ, ಅರ್ಥ ಪೂರ್ತಿ ಬೇರೆ. ಲಿವರ್ ಕಸಿ ಮಾಡಲೇಬೇಕು ಅಂತ ತೀರ್ಮಾನವಾಯಿತು.

ಕಸಾಯ್ ಚೆನ್ನಾಗಿ ಹಿಡಿದ ಮಕ್ಕಳಲ್ಲೂ ಬಹಳ ಜನರಿಗೆ ಇವತ್ತಲ್ಲ ನಾಳೆ ಕಸಿ ಬೇಕಾಗುತ್ತದೆ. ಮಕ್ಕಳ ಲಿವರ್ ಕಸಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ ಕಾಯಿಲೆ. ಕಸಿಯ ಚರಿತ್ರೆಯೂ ಇಲ್ಲಿಂದಲೇ ಶುರು. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯನಿಗೆ ಮೊದಲ ಲಿವರ್ ಕಸಿಗೆ ಕೈ ಹಾಕಿದ್ದು ಇದೇ ಕಾಯಿಲೆಯ 3 ವರ್ಷದ ಮಗುವಿಗೆ, ಮಗು ಉಳಿಯಲಿಲ್ಲ. ನಮ್ಮ ದೇಶದಲ್ಲಿ ಮಗುವಿಗೆ ಮೊದಲು ಯಶಸ್ವಿಯಾದದ್ದು 1998ರಲ್ಲಿ, ದೆಹಲಿಯಲ್ಲಿ. ಆ ಹುಡುಗ ತಮಿಳುನಾಡಿನ ಕಾಂಚೀಪುರಂನವನು, 20 ತಿಂಗಳಿನವನು, ಅವನಿಗೂ ಇದೇ ಕಾಯಿಲೆ. ಅಪ್ಪ ತನ್ನ ಲಿವರ್‌ನ ತುಂಡು ಕೊಟ್ಟಿದ್ದರು. ಅವನು ಬೆಳೆದು ಓದಿ ಡಾಕ್ಟರ್ ಆಗಿದ್ದಾನೆ. ಈ ಸುದ್ದಿಯ ಪೇಪರ್ ಕಟಿಂಗ್ ಅನ್ನು ತಂಗಿ ಮಡಿಸಿ ಪರ್ಸ್‌ನಲ್ಲಿ ಇಟ್ಟುಕೊಂಡಿದ್ದಾಳೆ.

ಕೊಡುವವರು ಯಾರು ಅಂತ ಮಾತು ಬಂದಾಗ ನಾನು ಮೊದಲು ಎದ್ದು ನಿಂತೆ. ದೊಡ್ಡಮ್ಮ ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿ ಅಲ್ಲ ಅಂತ ಅವತ್ತು ಗೊತ್ತಾಯಿತು. ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಜ್ಜಅಜ್ಜಿ ಲೆಕ್ಕಕ್ಕೆ ಬರುತ್ತಾರೆ. ಅದರಾಚೆಯವರು ಕೊಡಬೇಕಾದರೆ ಸಮಿತಿಯ ಮುಂದೆ ಹೋಗಿ ಒಪ್ಪಿಗೆ ಪಡೆಯಬೇಕು. ಅಷ್ಟರ ಅಗತ್ಯ ಬೀಳಲಿಲ್ಲ. ತಂಗಿಯ ರಕ್ತ ಓ ಗುಂಪು, ಮಗುವಿಗೆ ಹೊಂದಿತು. ಲಿವರ್‌ನ ಎಡಭಾಗದ ಒಂದು ಸಣ್ಣ ತುಂಡು ಮಗುವಿಗೆ ಸಾಕು. ಕೊಟ್ಟವರ ಲಿವರ್ ಕೆಲವು ತಿಂಗಳಲ್ಲಿ ಮತ್ತೆ ಬೆಳೆದುಕೊಳ್ಳುತ್ತದೆ. ದುಡ್ಡಿನ ಕಥೆ ಬೇರೆಯೇ ಇದೆ, ಜಮೀನಿನ ಒಂದು ಪಾಲು ಹೋಯಿತು, ಊರವರು ಕೈ ಜೋಡಿಸಿದರು. ಅದನ್ನು ಇಲ್ಲಿ ಬಿಡುತ್ತೇನೆ.

2024ರ ಜನವರಿಯಲ್ಲಿ ಕಸಿ ಆಯಿತು, ಪುಟ್ಟಿಗೆ 18 ತಿಂಗಳು. ತಾಯಿ ಒಂದು ಕೋಣೆಯಲ್ಲಿ, ಮಗು ಇನ್ನೊಂದರಲ್ಲಿ. ಮೂರನೇ ದಿನ ಬಿಲಿರುಬಿನ್ 3ಕ್ಕೆ ಬಂತು, ಎರಡನೇ ವಾರ ಒಂದಕ್ಕಿಂತ ಕಡಿಮೆ. ಎಷ್ಟೋ ತಿಂಗಳಿಂದ ನಾವು ನೋಡೇ ಇರದ ಬಿಳಿ ಕಣ್ಣು. ತುರಿಕೆ ನಿಂತ ಮೊದಲ ರಾತ್ರಿ ಪುಟ್ಟಿ ಒಂಬತ್ತು ಗಂಟೆ ಒಂದೇ ಸಮ ನಿದ್ದೆ ಮಾಡಿದಳು. ಭಾವ ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ಮತ್ತೆ ಮತ್ತೆ ಮೂಗಿನ ಹತ್ತಿರ ಬೆರಳು ಇಟ್ಟು ನೋಡಿದರಂತೆ.

ಮಾರ್ಚ್‌ನಲ್ಲಿ ಒಂದು ಮಾಮೂಲಿ ಪರೀಕ್ಷೆಯಲ್ಲಿ ಲಿವರ್ ಕಿಣ್ವಗಳು ಏರಿದ್ದವು, ಬಿಲಿರುಬಿನ್ 1.9. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಜ್ವರವೂ ಇಲ್ಲ, ಮಲದ ಬಣ್ಣವೂ ಸರಿ. ಬಯಾಪ್ಸಿಯಲ್ಲಿ ದೇಹ ಹೊಸ ಲಿವರನ್ನು ತಿರಸ್ಕರಿಸಲು ಶುರು ಮಾಡಿದ್ದು ಕಂಡಿತು. ಮೂರು ದಿನ ಸ್ಟೀರಾಯ್ಡ್ ಕೊಟ್ಟರು, ತಿರಸ್ಕಾರ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯ ಪ್ರಮಾಣ ಜಾಸ್ತಿ ಮಾಡಿದರು, ಇಳಿಯಿತು. ಕಸಿಯ ನಂತರ ಹಳದಿ ಕಣ್ಣಿಗೆ ಬರುವ ತನಕ ಕಾಯುವ ಹಾಗಿಲ್ಲ, ಅದು ರಕ್ತದಲ್ಲಿ ಮೊದಲು ಕಾಣಬೇಕು. ತಿರಸ್ಕಾರ ಇರಬಹುದು, ಹೊಸದಾಗಿ ಹೊಲಿದ ನಾಳ ಕಿರಿದಾಗಿರಬಹುದು, ವೈರಸ್ ಇರಬಹುದು, ಮಾತ್ರೆಯಿಂದಲೇ ಆಗಿರಬಹುದು. ಮಾತ್ರೆ ಮರೆಯದಿರಲಿ ಅಂತ ಬೆಳಗ್ಗೆ ಎಂಟಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು ಅಲಾರಾಂ ಆ ಮನೆಯಲ್ಲಿ ಎಲ್ಲರ ಫೋನ್‌ನಲ್ಲೂ ಇದೆ.

ನನ್ನ ಲ್ಯಾಬ್‌ನಲ್ಲೂ ಒಂದು ಬದಲಾವಣೆ ಆಗಿದೆ. 14 ದಿನ ದಾಟಿದ ಮಗುವಿನ ರಕ್ತ ಬಿಲಿರುಬಿನ್‌ಗೆ ಬಂದರೆ, ಚೀಟಿಯಲ್ಲಿ ಬರೆದಿರಲಿ ಬಿಡಲಿ, ಡೈರೆಕ್ಟ್ ಬೇರೆಯಾಗಿ ನೋಡುತ್ತೇವೆ. ನಮ್ಮ ಡಾಕ್ಟರ್ ಒಪ್ಪಿ ಸಹಿ ಹಾಕಿದ್ದಾರೆ. ರಕ್ತ ತೆಗೆಯುವಾಗ ತಾಯಿಗೆ ಬಟ್ಟೆಯ ಕಲೆಯ ಬಗ್ಗೆ ಕೇಳುತ್ತೇನೆ.

ಮೊನ್ನೆ ರಾತ್ರಿ ತಂಗಿಯಿಂದ ಫೋಟೋ ಬಂತು. ಪುಟ್ಟಿ ಅಂಗನವಾಡಿಯಲ್ಲಿ ಕಲಿತ ಹಾಡಿಗೆ ಕೈ ಎತ್ತಿ ಕುಣಿಯುತ್ತಿದ್ದಾಳೆ, ಕಣ್ಣು ಹಳದಿ ಕಾಣುತ್ತಿದೆ. "ಅಕ್ಕ, ನೋಡು" ಅಂತಷ್ಟೇ ಬರೆದಿದ್ದಳು. ನನ್ನ ಎದೆ ಹೊಡೆದುಕೊಂಡಿತು. ಮನೆಯಲ್ಲಿ ಯಾವ ಬಲ್ಬ್ ಇದೆ ಅಂತ ಕೇಳಿದೆ. ಹೊಸದು ಹಾಕಿದ್ದರಂತೆ, ಹಳದಿ ಬೆಳಕಿನದು. ಬೆಳಗಾಗಲಿ, ಜಗಲಿಗೆ ಕರೆದುಕೊಂಡು ಬಂದು ಇನ್ನೊಂದು ತೆಗೆ ಅಂದೆ. ಆರೂವರೆಗೆ ಫೋಟೋ ಬಂತು. ಬಾಯಿ ತುಂಬಾ ಟೂತ್‌ಪೇಸ್ಟ್ ನೊರೆ, ಕಣ್ಣು ಬಿಳಿ. ಆದರೂ ಅವತ್ತೇ ರಕ್ತ ತರಿಸಿ ನೋಡಿದೆ. 0.6.